ಎದೆಯ ಗಂಟಿಗೆ ಇಸ್ತ್ರಿ ಬೇಡ

ಆ ಮನೆಯ ಫ್ರಿಜ್ಜಿನೊಳಗೆ ಮೇಲಿನ ಅರೆಯಲ್ಲಿ ಎದೆಹಾಲಿನ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು. ಎಲ್ಲವೂ ದೊಡ್ಡ ಸೊಸೆಯವು. ತಣ್ಣೀರು ಕುಡಿಯಲು ಬಾಗಿಲು ತೆಗೆದಾಗಲೆಲ್ಲ ಚಿಕ್ಕ ಸೊಸೆಯ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅವೇ. ನೀರು ಕುಡಿಯದೆಯೇ ಬಾಗಿಲು ಮುಚ್ಚಿಬಿಡುತ್ತಿದ್ದಳು.

ಕೆಳಗೆ ಲಾಂಡ್ರಿ ಅಂಗಡಿ, ಮೇಲೆ ಮನೆ. ಅತ್ತೆ ಮತ್ತು ಅವರ ಇಬ್ಬರು ಗಂಡುಮಕ್ಕಳು ಅಂಗಡಿ ನೋಡಿಕೊಳ್ಳುತ್ತಿದ್ದರು. ಸೊಸೆಯರಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೆತ್ತಿದ್ದರು. ದೊಡ್ಡವಳ ಮಗ ಗುಂಡ, ಹೆಸರಿಗೆ ತಕ್ಕ ಹಾಗೆ ಕೆನ್ನೆ ಉಬ್ಬಿಸಿಕೊಂಡು ಮಲಗುತ್ತಿದ್ದ. ಚಿಕ್ಕವಳ ಮಗಳು ಪುಟ್ಟಿ. ಅವಳೂ ಹೆಸರಿಗೆ ತಕ್ಕ ಹಾಗೇ ಇದ್ದಳು.

"ನಮ್ಮ ದೊಡ್ಡವಳಿಗೆ ದೇವರು ಕೈ ಬಿಚ್ಚಿ ಕೊಟ್ಟಿದ್ದಾನೆ," ಎಂದು ಅತ್ತೆ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. "ಮಗು ಕುಡಿದು ಮಿಕ್ಕಿದ್ದು ಬಾಟ್ಲಿ ತುಂಬುತ್ತೆ!"

ಪುಟ್ಟಿ ಎದೆಗೇ ಬಾಯಿಟ್ಟು ಕುಡಿಯುತ್ತಿದ್ದಳು. ಎಷ್ಟು ಕುಡಿದಳೆಂದು ಯಾರಿಗೂ ಕಾಣುತ್ತಿರಲಿಲ್ಲ. ಕಾಣದ್ದನ್ನು ಯಾರು ಹೊಗಳುತ್ತಾರೆ?

ಚಿಕ್ಕವಳು ಹಾಲು ಹಿಂಡುವ ಪಂಪ್ ಒಂದನ್ನು ತರಿಸಿಕೊಂಡಳು. ಮಗು ಕುಡಿದು ಮಲಗಿದ ಮೇಲೆ ಬಾಗಿಲು ಹಾಕಿಕೊಂಡು ಹಿಂಡತೊಡಗಿದಳು. ಮೊದಮೊದಲು ಬಾಟಲಿಯ ತಳ ಮಾತ್ರ ನೆನೆಯುತ್ತಿತ್ತು. ಬಿಡಲಿಲ್ಲ. ಕೊನೆಯ ಹನಿಯವರೆಗೂ ಹಿಂಡಿದಳು. ಎದೆಗೇನು ಗೊತ್ತು? ಮನೆಯಲ್ಲಿ ಇನ್ನೊಂದು ಮಗುವಿದೆ ಎಂದುಕೊಂಡಿತು. ಹಾಲು ಹೆಚ್ಚಾಯಿತು. ಅವಳ ಬಾಟಲಿಗಳೂ ಫ್ರಿಜ್ಜು ಸೇರಿದವು.

"ಓಹೋ, ಚಿಕ್ಕವಳೂ ಕಡಿಮೆ ಇಲ್ಲ ಬಿಡು!" ಎಂದರು ಅತ್ತೆ.

ಆ ಮಾತಿನ ಸಿಹಿ ನಾಲಿಗೆಯಲ್ಲೇ ಉಳಿಯಿತು. ಚಿಕ್ಕವಳು ಪಂಪ್ ಹಿಡಿಯುವುದು ಇನ್ನೂ ಹೆಚ್ಚಾಯಿತು. ತನ್ನ ಬಾಟಲಿಗಳನ್ನು ಮುಂದಕ್ಕೂ ವಾರಗಿತ್ತಿಯ ಬಾಟಲಿಗಳನ್ನು ಹಿಂದಕ್ಕೂ ಸರಿಸಿ ಇಡುವುದೂ ರೂಢಿಯಾಯಿತು.

ಒಂದು ಬೆಳಗ್ಗೆ ಎದ್ದಾಗ ಎಡಗಡೆಯ ಎದೆ ಭಾರವಾಗಿತ್ತು. ಒಂದು ಬದಿ ಗಟ್ಟಿಯಾಗಿ, ಕೆಂಪಗೆ ಬಿಸಿಯಾಗಿತ್ತು. ರವಿಕೆ ತಾಗಿದರೂ ನೋವು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ದೊಡ್ಡವಳು 'ಅಯ್ಯೋ ಪಾಪ' ಅನ್ನುತ್ತಾಳೆ. ಆ 'ಪಾಪ' ಕೇಳುವುದಕ್ಕಿಂತ ನೋವೇ ವಾಸಿ ಎನಿಸಿತು. ಹಾಲು ಕಟ್ಟಿದೆ, ಇನ್ನಷ್ಟು ಹಿಂಡಿದರೆ ಸರಿಹೋಗುತ್ತದೆ ಎಂದು ಮತ್ತೆ ಪಂಪ್ ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಚಳಿ ಚಳಿ. ಮೈ ಕೆಂಡ. ಒಗೆದ ಬಟ್ಟೆಯ ಗಂಟನ್ನು ಎತ್ತಲು ಹೋಗಿ "ಅಮ್ಮಾ!" ಎಂದು ಕೂತುಬಿಟ್ಟಳು. ಅತ್ತೆ ಓಡಿಬಂದರು. ವಿಷಯ ಹೊರಬಿತ್ತು.

"ಇಷ್ಟೇನಾ? ಬಿಸಿ ಕೊಟ್ಟು ಒತ್ತಿದ್ರೆ ಬಿಡದೇ ಇರೋ ಗಂಟು ಯಾವುದಿದೆ?" ಎಂದರು ಅತ್ತೆ. ಇಡೀ ಆಯುಸ್ಸು ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅವರದು. ಹಬೆಗೂ ಒತ್ತಡಕ್ಕೂ ಜಗ್ಗದ ಸುಕ್ಕನ್ನು ಅವರು ಕಂಡೇ ಇರಲಿಲ್ಲ. ಕುದಿಯುವ ನೀರಿನಲ್ಲಿ ಟವೆಲ್ ಅದ್ದಿ ಹಿಂಡಿ, ಎದೆಯ ಮೇಲಿಟ್ಟು, ಅಂಗೈಯ ಬುಡದಿಂದ ಕಾಲರ್ ಒತ್ತುವ ಹಾಗೆ ಒತ್ತಿದರು. ಚಿಕ್ಕವಳು ತುಟಿ ಕಚ್ಚಿಕೊಂಡಳು. ಕಣ್ಣೀರು ಸುರಿಯಿತು. ಕೆಂಪು ಇನ್ನಷ್ಟು ಹರಡಿತು. ಗಂಟು ಮಾತ್ರ ಅಲ್ಲಾಡಲಿಲ್ಲ.

"ಹಾಲು ಕೆಟ್ಟಿರಬೇಕು," ಎಂದರು ಅತ್ತೆ, ಈ ಸಲ ದನಿ ತಗ್ಗಿಸಿ. "ಜ್ವರದ ಹಾಲು ಮಗೂಗೆ ಕೊಡೋದು ಬೇಡ. ಹಾಲು ನಿಲ್ಲಿಸಿಬಿಡು. ದೊಡ್ಡವಳ ಬಾಟ್ಲಿ ಇದೆಯಲ್ಲ."

ಪುಟ್ಟಿ ಹಸಿದು ಅಳುತ್ತಿದ್ದಳು. ದೊಡ್ಡವಳು ಬಾಟಲಿ ಬೆಚ್ಚಗೆ ಮಾಡಿಕೊಂಡು ಬಂದು ಕೈ ಚಾಚಿದಳು.

"ಕೊಡೇ ಮಗೂನ."

"ಬೇಡ."

"ಅಳ್ತಾ ಇದೆ ಕಣೇ."

"ಅಳ್ಲಿ! ಎಲ್ಲಾ ಸಿಕ್ಕಿದೆಯಲ್ಲ ನಿನಗೆ. ಹಾಲು, ಹೊಗಳಿಕೆ, ಗುಂಡುಗುಂಡಗೆ ಮಗ. ಈಗ ನನ್ನ ಮಗಳೂ ಬೇಕಾ?"

ದೊಡ್ಡವಳು ಬಾಟಲಿಯನ್ನು ಮೇಜಿನ ಮೇಲಿಟ್ಟು ದಡದಡ ಮೆಟ್ಟಿಲಿಳಿದು ಹೋದಳು. ಚಿಕ್ಕವಳಿಗೆ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ. ಹಾಲು ಕೊಡಲು ಹೆದರಿಕೆ, ಕೊಡದಿರಲು ಸಂಕಟ. ಇವತ್ತು ಎದೆ ಬಿಡಿಸಿದರೆ ಪುಟ್ಟಿ ಮತ್ತೆ ತನ್ನ ಕಡೆ ತಿರುಗುವಳೋ ಇಲ್ಲವೋ.

ದೊಡ್ಡವಳು ವಾಪಸ್ ಬಂದಾಗ ಜೊತೆಯಲ್ಲಿ ನರ್ಸಮ್ಮ ಇದ್ದರು. ಹತ್ತಿರದ ಆರೋಗ್ಯ ಕೇಂದ್ರದವರು. ಒಗೆಯಲು ಕೊಟ್ಟಿದ್ದ ಯೂನಿಫಾರ್ಮ್ ಒಯ್ಯಲು ಅಂಗಡಿಗೆ ಬಂದವರನ್ನು ದೊಡ್ಡವಳು ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು.

ನರ್ಸಮ್ಮ ನೋಡಿದರು, ಜ್ವರ ಅಳೆದರು, ಬಿಸಿ ಟವೆಲ್ ಕಡೆಗೊಮ್ಮೆ ಕಣ್ಣು ಹಾಯಿಸಿದರು.

"ಇದು ಎದೆ ಬಾವು ಕಣಮ್ಮ. ಹಾಲೂಡಿಸೋ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಬರುತ್ತೆ. ನೀನೇನೂ ತಪ್ಪು ಮಾಡಿಲ್ಲ. ಮೊದಲು ಮಗೂನ ಎದೆಗೆ ಹಾಕ್ಕೋ."

"ಹಾಲು ಕೆಟ್ಟಿಲ್ವಾ?" ಅತ್ತೆ ಅಡ್ಡ ಬಂದರು.

"ಇಲ್ಲ ಅಮ್ಮಾ. ಬಾವು ಬಂದ ಎದೆಯ ಹಾಲು ಮಗೂಗೆ ತೊಂದ್ರೆ ಮಾಡಲ್ಲ. ತಟ್ಟನೆ ನಿಲ್ಲಿಸಿದ್ರೆ ತಾಯಿಗೇ ತೊಂದ್ರೆ. ಹಾಲು ಕಟ್ಟಿಕೊಂಡು ಬಾವು ಜಾಸ್ತಿ ಆಗುತ್ತೆ, ಕೀವೂ ತುಂಬಬಹುದು."

"ಹಾಗಾದ್ರೆ ಒತ್ತಿ ತೆಗೀಬೇಕಲ್ವಾ? ನಾನು ಅದನ್ನೇ ಮಾಡ್ತಿದ್ದೆ!"

"ಅಮ್ಮಾ, ಇದು ಅಂಗಿ ಅಲ್ಲ," ನರ್ಸಮ್ಮ ನಕ್ಕರು. "ಒಳಗೆ ಊದಿಕೊಂಡಿದೆ. ಒತ್ತಿದಷ್ಟೂ ಗಾಯ ಆಗುತ್ತೆ. ಐಸ್ ಇದ್ರೆ ಬಟ್ಟೇಲಿ ಸುತ್ತಿ ಆಗಾಗ ಸ್ವಲ್ಪ ಹೊತ್ತು ಇಡಿ. ಹಾಲು ಕೊಡೋ ಮುಂಚೆ ಉಗುರುಬೆಚ್ಚಗಿನ ಬಟ್ಟೆ ಹಿತ ಅನಿಸಿದ್ರೆ ಇಟ್ಕೊಳ್ಳಲಿ. ಬೇಯಿಸಬೇಡಿ, ಅಷ್ಟೇ."

ಆಮೇಲೆ ಚಿಕ್ಕವಳ ಕಡೆ ತಿರುಗಿದರು. "ಪಂಪ್ ಎಷ್ಟು ಸಲ ಹಿಡೀತೀಯಮ್ಮ?"

ಚಿಕ್ಕವಳು ನೆಲ ನೋಡಿದಳು. ಫ್ರಿಜ್ಜಿನ ಕಡೆ ಕೈ ತೋರಿಸಿದಳು. ನರ್ಸಮ್ಮ ಬಾಗಿಲು ತೆಗೆದು ನೋಡಿದರು.

"ಅಬ್ಬಾ! ಪುಟ್ಟ ಮಗೂಗೆ ಇಷ್ಟೊಂದಾ? ಮಗು ಕೇಳಿದಷ್ಟು ಕುಡಿಸು, ಸಾಕು. ಬರಿದು ಮಾಡಿದಷ್ಟೂ ಎದೆ ಇನ್ನಷ್ಟು ಹಾಲು ಮಾಡುತ್ತೆ. ಊತ ಇಳಿಯೋದು ಯಾವಾಗ? ಒಂದೇ ಸಲ ಬಿಡಬೇಡ, ನಿಧಾನಕ್ಕೆ ಕಡಿಮೆ ಮಾಡು. ಯಾರಿಗೆ ತೋರಿಸೋಕೆ ಹಿಂಡ್ತಿದ್ದೀಯ?"

ಚಿಕ್ಕವಳ ಕಣ್ಣು ತಾನಾಗಿ ವಾರಗಿತ್ತಿಯ ಕಡೆ ಹೋಯಿತು.

ಪುಟ್ಟಿ ಅಷ್ಟರಲ್ಲಿ ಎದೆ ಹಿಡಿದಿದ್ದಳು. ಮೊದಲ ಎಳೆತಕ್ಕೆ ತಾಯಿಯ ಜೀವ ಹೋದ ಹಾಗಾಯಿತು, ಆಮೇಲೆ ಸ್ವಲ್ಪ ಸಡಿಲವಾಯಿತು. ದೊಡ್ಡವಳು ಅದನ್ನೇ ನೋಡುತ್ತ ನಿಂತಿದ್ದಳು. ಮುಖ ಬಾಡಿತ್ತು.

"ನನ್ನ ಬಾಟ್ಲಿ ನೋಡಿ ಹೊಟ್ಟೆ ಉರ್ಕೊಂಡ್ಯಾ? ಹುಚ್ಚಿ," ಎಂದಳು. "ಗುಂಡ ಹುಟ್ಟಿದಾಗಿನಿಂದ ಒಂದು ದಿನಾನೂ ನನ್ನ ಎದೆ ಹಿಡಿದಿಲ್ಲ ಕಣೇ. ಬಾಯಿ ಇಟ್ಟು ಅತ್ತುಬಿಡ್ತಾನೆ. ಅದಕ್ಕೇ ಹಿಂಡಿಟ್ಟು, ರೂಮಿನ ಬಾಗಿಲು ಹಾಕ್ಕೊಂಡು ಬಾಟ್ಲೀಲಿ ಕೊಡ್ತೀನಿ. ಮಿಕ್ಕಿದ್ದಲ್ಲ ಅದು, ಅವನ ಊಟಾನೇ ಅಷ್ಟು. ನೀನು ಪುಟ್ಟೀನ ಮಡಿಲಲ್ಲಿ ಹಾಕ್ಕೊಂಡು ಕೂತ್ರೆ ನಾನು ಟೆರೇಸಿಗೆ ಹೋಗ್ತೀನಿ. ಬಟ್ಟೆ ಒಣಗಿಹಾಕೋಕೆ ಅಂತ ಅಂದ್ಕೊಂಡಿದ್ದೀಯಾ? ನೋಡೋಕಾಗಲ್ಲ ನನ್ನ ಕೈಲಿ."

"ಹೇಳಬಾರದಿತ್ತಾ ಅಕ್ಕ?"

"ಅತ್ತೆ ಊರಿಗೆಲ್ಲ ಹೊಗಳ್ತಿದ್ರಲ್ಲ. ಹೇಗೆ ಹೇಳಲಿ?"

ಅತ್ತೆ ಸೆರಗಿನ ತುದಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಇಬ್ಬಿಬ್ಬರು ಸೊಸೆಯರು. ಇಬ್ಬರ ಕಷ್ಟಾನೂ ನಂಗೆ ಗೊತ್ತಾಗಲಿಲ್ಲ ನೋಡಿ," ಎಂದರು ನರ್ಸಮ್ಮನಿಗೆ.

ನರ್ಸಮ್ಮ ಗುಂಡನ ಬಾಯನ್ನೂ ಇಣುಕಿ ನೋಡಿ, "ಇವನನ್ನೂ ಕೇಂದ್ರಕ್ಕೆ ಕರ್ಕೊಂಡು ಬಾ. ಹಿಡಿಯೋ ರೀತಿ ನೋಡೋಣ. ಆಗದಿದ್ರೂ ಚಿಂತೆ ಇಲ್ಲ, ಅವನು ಕುಡೀತಿರೋದೂ ಅಮ್ಮನ ಹಾಲೇ," ಎಂದು ದೊಡ್ಡವಳಿಗೆ ಹೇಳಿದರು. ಹಾಲೂಡಿಸುವ ತಾಯಿಗೆ ಆಗುವ ಜ್ವರದ ಮಾತ್ರೆಯನ್ನು ಚಿಕ್ಕವಳಿಗೆ ಕೊಟ್ಟು, ಬಿಗಿಯಾದ ಒಳಉಡುಪು ಬೇಡ, ಚೆನ್ನಾಗಿ ನೀರು ಕುಡಿ, ಮಲಗು ಎಂದರು. "ಒಂದು ದಿನದೊಳಗೆ ಜ್ವರ ಇಳಿಯದಿದ್ರೆ ಡಾಕ್ಟರ ಹತ್ರ ಬರಲೇಬೇಕು. ಅದಕ್ಕೂ ಮುಂಚೆ ಸುಸ್ತು ಜಾಸ್ತಿಯಾದ್ರೆ, ಕೀವು ಕಂಡ್ರೆ, ಕಾಯಲೇಬೇಡಿ."

ಮರುದಿನವೂ ಜ್ವರ ಇಳಿಯಲಿಲ್ಲ. "ಇನ್ನೊಂದಿನ ನೋಡೋಣ್ವಾ?" ಎಂದು ಚಿಕ್ಕವಳು ಎಳೆದಳು. "ನೋಡಿದ್ದು ಸಾಕು, ಏಳು," ಎಂದು ಅತ್ತೆಯೇ ಅಂಗಡಿ ಬಾಗಿಲೆಳೆದು ಹೊರಟರು. ಡಾಕ್ಟರು ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಜ್ವರ ಬಿಟ್ಟ ಮೇಲೆ ಚಿಕ್ಕವಳು ಮಾತ್ರೆ ಬಿಡಲು ನೋಡಿದಳು. ದೊಡ್ಡವಳು ನೀರಿನ ಲೋಟ ಹಿಡಿದು ಎದುರು ನಿಂತಳು. "ಪೂರ್ತಿ ಮುಗಿಸು ಅಂದಿದ್ದಾರೆ. ನುಂಗು."

ಗಂಟು ನಿಧಾನವಾಗಿ ಕರಗಿತು. ಪುಟ್ಟಿಗೆ ಅಮ್ಮನ ಎದೆ ತಪ್ಪಲಿಲ್ಲ.

ಚಿಕ್ಕವಳು ಹಾಲೂಡಿಸಲು ಕೂತಾಗ ದೊಡ್ಡವಳು ಈಗ ಟೆರೇಸಿಗೆ ಹೋಗುವುದಿಲ್ಲ. ಪಕ್ಕದಲ್ಲೇ ಗುಂಡನಿಗೆ ಬಾಟಲಿ ಹಿಡಿದು ಕೂರುತ್ತಾಳೆ. "ನಿನ್ನ ಕಂಡ್ರೆ ಈಗಲೂ ಹೊಟ್ಟೆಕಿಚ್ಚು ಕಣೇ," ಅನ್ನುತ್ತಾಳೆ. "ನಂಗೂ ಅಷ್ಟೇ ಅಕ್ಕ, ಇವನ ಕೆನ್ನೆ ನೋಡು," ಅನ್ನುತ್ತಾಳೆ ಚಿಕ್ಕವಳು. ಬಾಯಿಬಿಟ್ಟು ಹೇಳಿದ ಹೊಟ್ಟೆಕಿಚ್ಚು ಅಷ್ಟೇನೂ ಸುಡುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಹಾಲೂಡಿಸುವಾಗ ಎದೆ ಗಟ್ಟಿಯಾಗಿ, ಕೆಂಪಾಗಿ, ನೋವು ಬಂದರೆ ಮುಚ್ಚಿಡಬೇಡಿ. ಒತ್ತಿ ತಿಕ್ಕಬೇಡಿ. ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಹಿಂಡಬೇಡಿ. ಹಾಲು ಕೊಡುವುದನ್ನು ನಿಲ್ಲಿಸಬೇಡಿ. ತಣ್ಣನೆಯ ಬಟ್ಟೆ ಇಡಿ, ವಿಶ್ರಾಂತಿ ತೆಗೆದುಕೊಳ್ಳಿ, ಜ್ವರ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಅತ್ತೆಯರೇ, ಅಮ್ಮಂದಿರೇ, ಗಂಡಂದಿರೇ, ಬಾಣಂತಿಯ ಮುಂದೆ ಇನ್ನೊಬ್ಬಳ ಹಾಲನ್ನು ಹೊಗಳುವ ಮೊದಲು ಇವಳ ಪಕ್ಕ ಒಂದು ಗಳಿಗೆ ಕೂತು, "ನೋವಿದೆಯಾ?" ಎಂದು ಕೇಳಿ. ನಾಚಿಕೆಯಿಂದ ಅವಳು ಮೊದಲ ಸಲ "ಇಲ್ಲ" ಅನ್ನಬಹುದು. ಇನ್ನೊಂದು ಸಲ ಕೇಳಿ.