ನೀರಿನಡಿಯ ಮುಖ

ದತ್ತಾರಾಮ ನಿಕಮ್ ಮುಖಗಳನ್ನು ಬಿಡಿಸುತ್ತಿದ್ದ, ನಾನು ಅಕ್ಷರ ಬರೆಯುತ್ತಿದ್ದೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಇಬ್ಬರೂ ಸಿನಿಮಾ ಪೋಸ್ಟರು ಮಾಡುತ್ತಿದ್ದೆವು.

ಐವತ್ತೆಂಟನೆಯ ಇಸವಿಯಲ್ಲಿ ಒಬ್ಬ ಅಂಬಿಗನ ಕಥೆಯ ಸಿನಿಮಾ ಬಂತು. ಪೋಸ್ಟರಿನ ಬಲಮೂಲೆಯಲ್ಲಿ ಹುಟ್ಟು ಹಿಡಿದು ಬೆನ್ನು ತಿರುಗಿಸಿ ನಿಂತ ಅಂಬಿಗ, ಎಡಕ್ಕೆ ನಾಯಕಿಯ ದೊಡ್ಡ ಮುಖ ಎಂದು ಮಾತಾಗಿತ್ತು. ಅದೇ ತಿಂಗಳು ದತ್ತೂನ ಹೆಂಡತಿ, ನಾನು ವಹಿನಿ ಅಂದರೆ ಅತ್ತಿಗೆ ಎಂದು ಕರೆಯುತ್ತಿದ್ದ ಕುಸುಮ, ವಿಷಮಜ್ವರದಲ್ಲಿ ತೀರಿಕೊಂಡರು. ಮದುವೆಯಾಗಿ ಎರಡೇ ವರ್ಷ. ಮನೆಯಲ್ಲಿ ಅವರದೊಂದು ಫೋಟೊ ಕೂಡ ಇರಲಿಲ್ಲ. ನಿನ್ನನ್ನು ಒಂದು ದಿನ ಪುರುಸೊತ್ತಾಗಿ ಬಿಡಿಸುತ್ತೇನೆ ಎಂದು ಇವನು ಮುಂದಕ್ಕೆ ಹಾಕುತ್ತಲೇ ಇದ್ದ.

ಹದಿನಾಲ್ಕನೆಯ ದಿನ ಕೆಲಸಕ್ಕೆ ಬಂದ. ನಾಯಕಿಯ ಫೋಟೊ ಎದುರಿಗಿಟ್ಟುಕೊಂಡೇ ಬಿಡಿಸಿದ. ಸಂಜೆ ನೋಡಿದರೆ ಅಗಲ ಹಣೆ, ನಗು ತಡೆದುಕೊಂಡ ತುಟಿ.

"ದತ್ತೂ, ಇದು ನಾಯಕಿ ಅಲ್ವಲ್ಲೋ. ವಹಿನಿ," ಎಂದೆ.

"ಗೊತ್ತು. ನಾಳೆ ಇವಳನ್ನ ಊರಿನ ಮೋರಿ ಗೋಡೆಗೆಲ್ಲ ಅಂಟಿಸ್ತಾರೆ."

ಬೂದುನೀಲಿ ಎಣ್ಣೆಬಣ್ಣ ಕಲಸಿ ಆ ಮುಖದ ಮೇಲೆಲ್ಲ ನೀರು ತುಂಬಿಬಿಟ್ಟ. ನಾಯಕಿ ಮುಳುಗಿಹೋದಳೇನು ಎಂದು ನಿರ್ಮಾಪಕ ರೇಗಿದ. ಆದರೆ ಅಚ್ಚಿಗೆ ಕೊಡುವ ದಿನ ಬಂದುಬಿಟ್ಟಿತ್ತು; ಹಾಗೆಯೇ ಹೋಯಿತು. ನಾಲ್ಕು ಮುಖ, ಒಂದು ಪಿಸ್ತೂಲು ಇಲ್ಲದೆ ಪೋಸ್ಟರೇ ಇಲ್ಲದ ಆ ಕಾಲದಲ್ಲಿ ಜನ ಬಂದ ಬಸ್ಸನ್ನೂ ಬಿಟ್ಟು ಈ ಖಾಲಿ ನೀರನ್ನು ನೋಡುತ್ತ ನಿಂತರು.

ನಲವತ್ತು ವರ್ಷದ ಮೇಲೆ ಒಂದು ಕಲಾಶಾಲೆ ಹಳೆಯ ಪೋಸ್ಟರುಗಳ ಪ್ರದರ್ಶನ ಇಟ್ಟಿತು; ನಾವಿಬ್ಬರೂ ಹೋದೆವು. ಯಾರದೋ ಗೋದಾಮಿನಲ್ಲಿ ಸಿಕ್ಕ ನಮ್ಮ ಅಂಬಿಗನ ಪೋಸ್ಟರಿನ ಮೂಲ ಚಿತ್ರಕ್ಕೆ ಚೌಕಟ್ಟು ಹಾಕಿದ್ದರು. ಹೇಮಾಂಗಿ ಕಾರಖಾನೀಸ್ ಎಂಬ ಅಧ್ಯಾಪಕಿ ವಿದ್ಯಾರ್ಥಿಗಳಿಗೆ ವಿವರಿಸಿದರು: ಕಣ್ಣು ಅಂಬಿಗನ ಬೆನ್ನಿನಿಂದ ಹೊರಟು, ಹುಟ್ಟಿನ ಓರೆಯಲ್ಲಿ ಜಾರಿ, ನೀರಿಗೆ ಬಂದು ಅಲ್ಲೇ ಉಳಿಯುತ್ತದೆ, ಇಷ್ಟು ಜಾಗ ಬಿಡುವ ಧೈರ್ಯ ಬೇರೆ ಯಾರಿಗಿತ್ತು? ಸರಿಯಾಗಿಯೇ ಹೇಳಿದರು. ದತ್ತೂ ತಲೆ ತಗ್ಗಿಸಿ ಕೇಳಿದ.

ಆಮೇಲೆ ಚಿತ್ರದ ಹತ್ತಿರ ಹೋದ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಲ್ಲಿ ಬಣ್ಣದಡಿಯ ಗೆರೆಗಳು ಉಬ್ಬಿ ಕಾಣುತ್ತಿದ್ದವು.

"ಮೇಡಂ, ಮೇಲಿನ ಬಣ್ಣ ತೆಗೆಯೋಕಾಗುತ್ತಾ?" ಎಂದು ಅಧ್ಯಾಪಕಿಯನ್ನು ಕೇಳಿದ.

"ಯಾಕೆ ಕಾಕಾ? ಆ ಖಾಲಿನೇ ಅಲ್ವಾ ಚಿತ್ರ?"

"ಹೌದು ಹೌದು," ಎಂದ.

ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡ. "ಅವಳ ಮುಖ ಪೂರ್ತಿ ಮರೆತುಹೋಗಿತ್ತು ಕಣೋ ಸದೂ. ಇವತ್ತು ಸ್ವಲ್ಪ ಕಾಣಿಸ್ತು."

ಪ್ರದರ್ಶನವಿದ್ದ ಹತ್ತು ದಿನವೂ ಹೋದೆವು. ಹಸ್ತಾಕ್ಷರ ಕೇಳಲು ಬಂದ ಹುಡುಗಿಯರಿಗೆ, ಕೊಂಚ ಪಕ್ಕಕ್ಕೆ ನಿಲ್ಲಿ ಮಕ್ಕಳೇ, ಬೆಳಕಿಗೆ ಅಡ್ಡ ಬರುತ್ತೀರಿ ಎನ್ನುತ್ತಿದ್ದ. ಹನ್ನೊಂದನೆಯ ದಿನ ಬಾಗಿಲಿಗೆ ಬೀಗ. ಚಿತ್ರಗಳು ದಿಲ್ಲಿಗೆ ಹೋದವಂತೆ. ದತ್ತೂ ಅಲ್ಲೇ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತಿದ್ದು, ನಡಿ, ಮನೆಗೆ ಹೋಗೋಣ ಎಂದ.