ಹೊಲಿದುಬಿಟ್ಟ ಜೇಬುಗಳು

ಆ ನರ್ಸಮ್ಮನ ಕೋಟಿನ ಮೂರನೇ ಗುಂಡಿ ಕೆಂಪು ದಾರದಲ್ಲಿ ಹಾಕಿದ್ದಾರೆ, ಬಿಳಿ ಕೋಟಿಗೆ ಕೆಂಪು ದಾರವೇ, ಯಾವ ಪುಣ್ಯಾತ್ಮ ಹೊಲಿದನೋ — ಥೂ, ಮಗಳು ಒಳಗೆ ಉಸಿರಿಗೆ ಒದ್ದಾಡ್ತಿದ್ದಾಳೆ, ನನಗೆ ಗುಂಡಿ ಚಿಂತೆ, ಈ ದರ್ಜಿ ಕಣ್ಣಿಗಿಷ್ಟು ಬೆಂಕಿ ಹಾಕ. ಕೂತ್ಕೊಳ್ಳಿ ಅಮ್ಮಾ ಅಂದರು, ಕೂತಿದ್ದೀನಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅವಳ ನೀಲಿ ಅಂಗಿ, ನಾನೇ ಹೊಲಿದದ್ದು, ಎದೆಯಿಂದ ಕೆಳಗೆ ಸೊಟ್ಟಪಟ್ಟ ಕತ್ತರಿ ಆಡಿಸಿ ತೆಗೆದಿದ್ದಾರೆ, ಆಡಿಸಲಿ, ಅವಳು ಎದ್ದು ಬಂದರೆ ಸಾಕು, ಇಂಥ ಹತ್ತು ಹೊಲಿದುಕೊಡ್ತೀನಿ. ಮೂರು ತಿಂಗಳಿಂದ ಮುಟ್ಟಿರಲಿಲ್ಲ ಡಾಕ್ಟ್ರೇ, ಅಂದೆ, ಚಟ ಬಿಡಿಸೋ ಕೇಂದ್ರದಿಂದ ಹೋದ ವಾರ ತಾನೇ ಕರ್ಕೊಂಡು ಬಂದೆ. ಅದಕ್ಕೇ ಅಪಾಯ ಅಮ್ಮಾ, ಅಂದರು, ಬಿಟ್ಟ ಮೈ ಹಳೇ ಅಳತೆ ತಡ್ಕೊಳ್ಳಲ್ಲ. ಬೀದಿಯವರೆಲ್ಲರ ಸೊಂಟ, ಭುಜ, ತೋಳು ತಲೆಯಲ್ಲಿದೆ, ಇದೊಂದು ಅಳತೆ ತಿಳೀಲಿಲ್ಲವಲ್ಲ ದೇವರೇ. ಗಿರಾಕಿಗಳ ಜೇಬಲ್ಲಿ ಸಿಗ್ತಾನೇ ಇತ್ತು, ಸಣ್ಣ ಸಣ್ಣ ಪೊಟ್ಟಣ, ಬಿಳಿ ಪುಡಿ, ಹೆಸರಿಲ್ಲದ ಮಾತ್ರೆ, ಗರಿಗರಿ ಕೋಟಿನವರದ್ದು, ಕಾಲೇಜು ಹುಡುಗಿಯರದ್ದು, ಕಸದ ಬುಟ್ಟಿಗೆಸೆದು, ಕಾಲ ಕೆಟ್ಟುಹೋಯ್ತು ಅಂತ ಪಕ್ಕದ ಇಸ್ತ್ರಿಯವನ ಹತ್ತಿರ ಬಾಯಿ ಬಡ್ಕೊಳ್ತಿದ್ದೆ, ನನ್ನ ಮನೆ ಜೇಬು ಮಾತ್ರ ನೋಡಲಿಲ್ಲ. ನೋಡಿದ ಮೇಲೆ ಹೊಲಿದುಬಿಟ್ಟೆ. ಅವಳು ಬರೋ ಹಿಂದಿನ ದಿನ ಕೂತು ಪ್ಯಾಂಟು, ಅಂಗಿ, ಕೋಟು, ಪೈಜಾಮ, ಒಂದು ಜೇಬೂ ಬಿಡದೆ ಡಬಲ್ ಹೊಲಿಗೆ ಹಾಕಿದೆ, ಇನ್ನೆಲ್ಲಿ ಬಚ್ಚಿಡ್ತೀಯೋ ನೋಡೇಬಿಡೋಣ ಅಂತ. ಜೊತೆಗಿರಿ, ಮಾತಾಡಿಸ್ತಾ ಇರಿ, ಅಂದಿದ್ದರು ಕೇಂದ್ರದ ಮೇಡಮ್ಮು, ತಲೆಯಾಡಿಸಿದ್ದೆ, ಮಾತು ನನಗೆಲ್ಲಿ ಬರುತ್ತೆ, ಮಿಷನ್ನು ಬರುತ್ತೆ. ಮನೆಗೆ ಬಂದವಳು ಕೋಟು ಹಾಕ್ಕೊಂಡಳು, ಜೇಬಿಗೆ ಕೈ ಇಳಿಸಿದಳು, ಹೋಗಲಿಲ್ಲ, ಎರಡೂ ಕಡೆ ತಡಕಿದಳು, ರೇಗ್ತಾಳೆ ಅಂದ್ಕೊಂಡೆ, ಅಮ್ಮಾ, ಮೂಗು ಒರೆಸೋ ಕರ್ಚೀಫ್ ಎಲ್ಲಿಡ್ಲಿ, ಅಂತ ನಕ್ಕಳು, ನಾನೂ ನಕ್ಕೆ, ಅಯ್ಯೋ, ನಕ್ಕುಬಿಟ್ಟೆ. ಪೊಟ್ಟಣ ಈ ನೀಲಿ ಅಂಗಿಯ ಕೆಳಗಿನ ಮಡಿಕೆಯಲ್ಲಿತ್ತಂತೆ, ಬಿಚ್ಚಿ ಒಳಗಿಟ್ಟು ಮತ್ತೆ ಹೊಲಿದಿದ್ದಾಳೆ, ಇಲ್ಲೇ ಇದೆ ನೋಡು, ಎಷ್ಟು ಅಚ್ಚುಕಟ್ಟು, ನಾನೇ ಕಲಿಸಿದ ಹೊಲಿಗೆ.

ಇವತ್ತು ಬೆಳಿಗ್ಗೆ, ಹೌದು, ಇವತ್ತೇ, ಬಂದು ಮಿಷನ್ ಪಕ್ಕ ನಿಂತಳು, ಚಿಕ್ಕವಳಿದ್ದಾಗ ನಿಲ್ತಿದ್ದ ಹಾಗೇ, ಆಗ ಮಾತಿನಮಲ್ಲಿ, ನಿಲ್ಲಿಸು ಮಾರಾಯ್ತಿ ಅಂತ ಗದರಬೇಕಿತ್ತು, ಈಗ ಒಂದೇ ಮಾತು, ಅಮ್ಮಾ, ನಂಗೆ ತುಂಬಾ ಭಯ ಆಗ್ತಿದೆ. ನನ್ನ ಬಾಯಲ್ಲಿ ಗುಂಡುಪಿನ್ನು, ತುಟಿ ಬಿಗಿದು ಕಚ್ಚಿಕೊಂಡಿದ್ದೆ, ಕೈಯಲ್ಲಿ ಯಾರದ್ದೋ ಲಂಗದ ನೆರಿಗೆ, ಹೂಂ ಅಂದೆ, ಬರೀ ಹೂಂ, ಉಗುಳಬಹುದಿತ್ತು, ನೆಲಕ್ಕೇ ಉಗುಳಿದ್ದರೆ ಏನಾಗ್ತಿತ್ತು, ಆಮೇಲೆ ಗುಡಿಸಿಕೊಳ್ತಿದ್ದೆ, ಅವಳು ಕಾದಳು, ನನ್ನ ಬಾಯನ್ನೇ ನೋಡ್ತಾ ಕಾದಳು, ಒಂದು ಪಿನ್ನು ತೆಗೆದು ಚುಚ್ಚಿದೆ, ಇನ್ನೊಂದು ತೆಗೆದೆ, ಇರು ಅಂತ ಕೈಸನ್ನೆ ಮಾಡಿದೆ — ಡಾಕ್ಟ್ರು ಬರ್ತಿದ್ದಾರೆ, ಮಾಸ್ಕು ಗದ್ದಕ್ಕೆ ಇಳಿಸಿದ್ದಾರೆ, ಅಮ್ಮಾ ಅಂತಾರೆ, ನರ್ಸಮ್ಮ ನನ್ನ ತೋಳು ಹಿಡ್ಕೊಳ್ತಾರೆ, ಬೇಡ, ಹೇಳಬೇಡಿ, ತಡೀರಿ, ಅವಳಿನ್ನೂ ಮಿಷನ್ ಪಕ್ಕದಲ್ಲೇ ನಿಂತಿದ್ದಾಳೆ, ನಾನಿನ್ನೂ ಏನೂ ಹೇಳಿಲ್ಲ, ಬಾಯಿ ತುಂಬ ಪಿನ್ನು, ಬಾಯಿ ತುಂಬ