ಹೂಂ ಅನ್ನುವ ತನಕ

ಒಂದಾನೊಂದು ಊರಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತಂತೆ. ಅದಕ್ಕೆ ಕಣ್ಣಿರಲಿಲ್ಲ, ಬಾಯಿರಲಿಲ್ಲ, ಹಗಲೂ ಇರುಳೂ ಬುಸ್ಸೆನ್ನುವ ಉಸಿರು ಮಾತ್ರ ಇತ್ತಂತೆ. ಊರವರು ಕೊಟ್ಟಿದ್ದನ್ನೆಲ್ಲ ನುಂಗಿ, ಕೇಳಿದಾಗ ಒಂದಕ್ಷರ ತಪ್ಪದೆ ಹಿಂದಕ್ಕೆ ಕೊಡುತ್ತಿತ್ತಂತೆ. ಒಂದು ದಿನ ಅದರ ಹೊಟ್ಟೆ ಗಂಟಲಮಟ್ಟ ತುಂಬಿಹೋಯಿತು.

ಗಾಳೆಮ್ಮ ಇದ್ದಿದ್ದರೆ ಇಲ್ಲಿಗೆ ಗಕ್ಕನೆ ನಿಲ್ಲಿಸುತ್ತಿದ್ದಳು. ಎದುರಿಗೆ ಕೂತವರು "ಹೂಂ" ಅನ್ನಬೇಕು, ಅಂದರೇ ಮುಂದಿನ ಮಾತು. "ಹೂಂಗುಡೋರು ನಿದ್ದಿ ಹೋದ್ರ ಕಥಿ ದಾರಿ ತಪ್ಪಿ ಮಂದಿ ಮನಿಗೆ ಹೋಗ್ತೈತಿ," ಎನ್ನುತ್ತಿದ್ದಳು. ಕೂಡ್ಲಿಗಿಯ ಆ ಓಣಿಯಲ್ಲಿ ಅವಳಿಗೆ ನಲವತ್ತು ವರ್ಷ ಹೂಂಗುಟ್ಟಿದವಳು ಪಕ್ಕದ ಮನೆಯ ಅಜೀಜಬಿ. ಇಬ್ಬರ ನಡುವೆ ಹಳೆಯ ಸೀರೆ ಸೇರಿಸಿ ಹೊಲಿಯುವ ಕೌದಿಯೊಂದು ಹರಡಿರುತ್ತಿತ್ತು. ಒಂದು ತುದಿಯಿಂದ ಇವಳ ಸೂಜಿ, ಇನ್ನೊಂದು ತುದಿಯಿಂದ ಅವಳ ಸೂಜಿ. ಕೌದಿಯ ಕೆಳಗೆ ಕಾಲು ಚಾಚಿ ಮಲಗಿ ಕೇಳುತ್ತಿದ್ದ ಗಾಳೆಮ್ಮನ ಮೊಮ್ಮಗಳು ಶಿವಗಂಗಾಗೆ, ಕಥೆ ಮೇಲಿನಿಂದ ದಾರದ ಜೊತೆ ಇಳಿದು ಬರುತ್ತದೆ ಅನ್ನಿಸುತ್ತಿತ್ತು.

ಈಗ ಶಿವಗಂಗಾ ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ದಿನಾ ಕೂಡ್ಲಿಗಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಾಳೆ. ಗ್ರಂಥಾಲಯದ ಹಿಂದಿನ ಕೋಣೆಯ ಲಿನಕ್ಸ್ ಸರ್ವರೇ ಆ ಕಬ್ಬಿಣದ ಪೆಟ್ಟಿಗೆ. ಮಕ್ಕಳ ಪರೀಕ್ಷಾ ಅರ್ಜಿಯೂ ಅದರಲ್ಲೇ, ಮೂರು ವರ್ಷದ ಹಿಂದೆ ವಿದ್ಯಾರ್ಥಿಗಳು ಸುತ್ತಲಿನ ಮುದುಕ ಮುದುಕಿಯರಿಂದ ರೆಕಾರ್ಡು ಮಾಡಿ ತಂದ ಕಥೆಗಳೂ ಅದರಲ್ಲೇ.

ಗಾಳೆಮ್ಮ ಕಥೆ ಹೇಳಿದ ದಿನ ಅಜೀಜಬಿ ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ಹಡಗಲಿಗೆ ಹೋಗಿದ್ದಳು. ಮುದುಕಿ ರೆಕಾರ್ಡರಿನ ಎದುರು ಕೂತು ಏಳು ಮೆಟ್ಟಿಲ ಬಾವಿಯ ಕಥೆಯನ್ನು ಪೂರ್ತಿ ಹೇಳಿದಳು, ಆದರೆ ಪ್ರತಿ ಮಾತಿಗೂ ಒಂದು ಹೂಂಕಾರದಷ್ಟು ಹೊತ್ತು ಸುಮ್ಮನಾದಳು.

"ಯಾಕಬೇ, ಮರೆತ್ಯಾ?" ಎಂದು ಶಿವಗಂಗಾ ಕೇಳಿದ್ದಳು.

"ಮರಿಯಾಕ ನನಗೇನಾಗೈತಿ? ಅಜೀಜಿಗೆ ಜಾಗ ಬಿಟ್ಟೀನಿ. ಬಂದಮ್ಯಾಲ ಕೇಳಿಸು, ಆಕಿ ಹೂಂ ಅಲ್ಲಿ ಕುಂದರ್ತೈತಿ. ಕೇಳಸ್ತೀ ಹೌದಿಲ್ಲೋ?"

"ಕೇಳಸ್ತೀನಬೇ."

ಹದಿನೈದು ದಿನಕ್ಕೆ ಗಾಳೆಮ್ಮ ತೀರಿಕೊಂಡಳು. ಹಡಗಲಿಯಿಂದ ಓಡಿಬಂದ ಅಜೀಜಬಿ, "ಈಗ ಬ್ಯಾಡ ತಾಯಿ, ಮಣ್ಣು ಆರ್ಲಿ," ಎಂದಳು. ಮಣ್ಣು ಆರಲು ಮೂರು ವರ್ಷ ಬೇಕಾಯಿತು. ಮೊನ್ನೆ ಕಣ್ಣಿನ ಆಪರೇಷನ್ ಆಗಿ, ಸೂಜಿ ಹಿಡಿಯುವಂತಿಲ್ಲದೆ ಹಸಿರು ಕನ್ನಡಕ ಹಾಕಿಕೊಂಡು ಕೂತಾಗ, ತಾನಾಗಿಯೇ ಹೇಳಿ ಕಳಿಸಿದಳು: "ಗಾಳಿದು ಕಥಿ ಐತಲ್ಲ, ಹಚ್ಚಿಕೊಡು." ಶಿವಗಂಗಾ ಅದರ ಕೊಂಡಿಯನ್ನು ಅಜೀಜಬಿಯ ಮೊಮ್ಮಗಳು ಮೆಹರೀನಳ ಮೊಬೈಲಿಗೆ ಕಳಿಸಿದಳು.

ಪೆಟ್ಟಿಗೆಯ ಹೊಟ್ಟೆ ತುಂಬಿದ್ದು ಮಾರನೆಯ ದಿನ. ಅರ್ಜಿಯ ಪುಟ ತೆರೆಯುತ್ತಿಲ್ಲವೆಂದು ಮಕ್ಕಳು ಬಾಗಿಲಲ್ಲಿ ಸಾಲುಗಟ್ಟಿದ್ದರು. ಅಟೆಂಡರ್ ಕೊಟ್ರಸ್ವಾಮಿ ಒಳಗೆ ಬಂದು ಸ್ವಿಚ್ಚಿನ ಹತ್ತಿರವೇ ನಿಂತ.

"ಮೇಡಮ್ರ, ಒಮ್ಮಿ ಆಫ್ ಮಾಡಿ ಆನ್ ಮಾಡಿಬಿಡ್ರಿ. ನಮ್ಮನಿ ಟಿ.ವಿ.ಗೆ ನಾ ಹಂಗ ಮಾಡೋದು."

"ನಿಮ್ಮನಿ ಟಿ.ವಿ.ಗೆ ಕಪಾಳಕ್ಕೂ ಬಿಡ್ತೀರಂತ ಕೇಳೀನಿ."

"ಅದು ಕಡೀ ಔಷಧ ಬಿಡ್ರಿ."

ಶಿವಗಂಗಾ ನಕ್ಕು ಡಿಸ್ಕ್ ನೋಡಿದಳು. ನೂರಕ್ಕೆ ನೂರು ತುಂಬಿತ್ತು, ಒಂದು ಸಾಲು ಬರೆಯಲೂ ಎಡೆಯಿಲ್ಲ. ತಕ್ಷಣಕ್ಕೆ ಏನಾದರೂ ಹೊರಹಾಕಬೇಕು. 'ಆಮೇಲೆ' ಎಂಬ ಹೆಸರಿನ ಫೋಲ್ಡರ್ ಕಣ್ಣಿಗೆ ಬಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಮೇಲೆ ನೋಡೋಣವೆಂದು ಅವಳೇ ಕಸಕಡ್ಡಿಯನ್ನೆಲ್ಲ ತುಂಬುತ್ತಿದ್ದ ಫೋಲ್ಡರ್. ಒಂದು ಜಿಬಿಗೂ ಮಿಕ್ಕಿತ್ತು. ತೆರೆದೂ ನೋಡದೆ ಅಳಿಸಿದಳು.

ಮತ್ತೆ ಡಿಸ್ಕ್ ನೋಡಿದಳು. ನೂರಕ್ಕೆ ನೂರು.

ಅಳಿಸಿದ್ದು ಹೋಗಿಲ್ಲ. ಲಿನಕ್ಸಿನಲ್ಲಿ ಹೀಗಾಗುವುದುಂಟು. ಫೈಲ್ ಅಳಿಸಿದರೆ ಮೊದಲು ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಮ್ ಅದನ್ನು ತೆರೆದು ಓದುತ್ತಿದ್ದರೆ, ಕೈಬಿಡುವ ತನಕ ಅದರ ಮೈ ಡಿಸ್ಕಿನಲ್ಲೇ ಉಳಿದಿರುತ್ತದೆ. ಯಾರು ಹಿಡಿದುಕೊಂಡಿದ್ದಾರೆ ನೋಡೋಣವೆಂದು ಪಟ್ಟಿ ತರಿಸಿದಳು. ಒಂದೇ ಒಂದು ಸಾಲು ಬಂತು. ಅದರ ಕೊನೆಯಲ್ಲಿ 'ಅಳಿಸಲಾಗಿದೆ' ಎಂಬ ಗುರುತು, ಅದರ ಹಿಂದೆ ಫೈಲಿಗೆ ಮೊದಲಿದ್ದ ಹೆಸರು: ಗಾಳೆಮ್ಮ, ಏಳು ಮೆಟ್ಟಿಲ ಬಾವಿ.

ಶಿವಗಂಗಾ ಆ ಸಾಲನ್ನು ಮತ್ತೊಮ್ಮೆ ಓದಿದಳು; ಫೋಲ್ಡರಿನ ತೂಕವೆಲ್ಲ ಆ ಒಂದೇ ಫೈಲಿನದು. ಈಗ ನೆನಪಾಯಿತು. ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ಕಥೆಯನ್ನು ಚಿಕ್ಕದು ಮಾಡು ಎಂದು, ಮಕ್ಕಳಿಂದ ಕಥೆ ಸಂಗ್ರಹ ಮಾಡಿಸಿದ್ದ ಮೇಷ್ಟ್ರು ಹೇಳಿದ್ದರು. ಕತ್ತರಿಸಲು ಮನಸ್ಸಾಗದೆ ಫೈಲನ್ನು 'ಆಮೇಲೆ'ಗೆ ಹಾಕಿ, ಕಥೆಗಳ ಫೋಲ್ಡರಿನಲ್ಲಿ ಅದರತ್ತ ದಾರಿ ತೋರುವ ಕೊಂಡಿಯೊಂದನ್ನಷ್ಟೇ ಇಟ್ಟಿದ್ದಳು. ಬೋರ್ಡು ಒಂದು ಕಡೆ, ಮನೆ ಇನ್ನೊಂದು ಕಡೆ. 'ಆಮೇಲೆ'ಗೆ ಬ್ಯಾಕಪ್ಪೂ ಇರಲಿಲ್ಲ. ಕಸಕ್ಕೆ ಯಾರು ಬ್ಯಾಕಪ್ ಇಡುತ್ತಾರೆ? ಅಜ್ಜಿಯ ದನಿ ಈ ಲೋಕದಲ್ಲಿ ಉಳಿದದ್ದು ಅದೊಂದೇ.

ಹಾಗಾದರೆ ಹಿಡಿದುಕೊಂಡಿರುವವರು ಯಾರು? ಬೇರೆ ಯಾರಿರುತ್ತಾರೆ! ಕೂಡ್ಲಿಗಿಯಲ್ಲಿ ಅಜೀಜಬಿ ಕಥೆ ಕೇಳುತ್ತಿದ್ದಾಳೆ. ಅವಳು ಕೇಳುತ್ತಿರುವ ತನಕ ಸರ್ವರ್ ಫೈಲಿನ ಕೈಬಿಡುವುದಿಲ್ಲ, ನಿಲ್ಲಿಸಿದರೆ ಬಿಡುತ್ತದೆ.

"ಪ್ರಿನ್ಸಿಪಾಲ್ ಸಾಹೇಬ್ರು ಫೋನ್ ಮಾಡಿದ್ರು, ಆಫ್ ಮಾಡಿ ಆನ್ ಮಾಡಂದ್ರು," ಎಂದು ಕೊಟ್ರಸ್ವಾಮಿ ಸ್ವಿಚ್ಚಿಗೆ ಕೈ ಹಾಕಿದ.

"ಕೈ ತಗೀರಿ!" ಅವಳು ಕೂಗಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಹಾರಿದ. "ಅದರಾಗ ನಮ್ಮಜ್ಜಿ ಅದಾಳ. ಹತ್ತು ನಿಮಿಷ ಯಾರೂ ಮುಟ್ಟಬ್ಯಾಡ್ರಿ."

ಕೊಟ್ರಸ್ವಾಮಿ ಪೆಟ್ಟಿಗೆಯನ್ನೂ ಅವಳನ್ನೂ ನೋಡಿ, ಏನೂ ಅರ್ಥವಾಗದಿದ್ದರೂ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಪೆನ್‌ಡ್ರೈವ್ ಚುಚ್ಚಿ, ಹೆಸರಿಲ್ಲದ ಆ ಮೈಯನ್ನು ಅದಕ್ಕೆ ಇಳಿಸಲು ಹಚ್ಚಿದಳು. ಹಳೆಯ ಡ್ರೈವ್, ಎತ್ತಿನ ಬಂಡಿಯ ಹಾಗೆ ಸಾಗುತ್ತಿತ್ತು. ಮೆಹರೀನಳಿಗೆ ಫೋನ್ ಮಾಡಲು ಹೋಗಿ ತಡೆದಳು. ಕರೆ ಹೋದರೆ ಕಥೆ ಅಲ್ಲೇ ನಿಲ್ಲುತ್ತದೆ. ಅಜೀಜಬಿಯ ಮಗ ಅಶ್ಫಾಕನ ಗ್ಯಾರೇಜು ಮನೆಯ ಮಗ್ಗುಲಲ್ಲೇ ಇದೆ. ಅವನಿಗೆ ಮಾಡಿದಳು.

"ಅಶ್ಫಾಕಣ್ಣ, ಮನಿಗೆ ಓಡು! ಅಮ್ಮ ಕಥಿ ಕೇಳಾಕತ್ಯಾಳಲ್ಲ, ಅದನ್ನ ಯಾರೂ ಬಂದ್ ಮಾಡಬಾರ್ದು."

"ಗಾಡಿ ಬಿಚ್ಚಿಟ್ಟು ಕುಂತೀನಲ್ಲೇ, ಕೈತುಂಬ ಆಯಿಲ್ ಐತಿ!"

"ಆಯಿಲ್ ಕೈಲೇ ಓಡಣ್ಣ!"

ಚಪ್ಪಲಿಯ ಸದ್ದು, ಬಾಗಿಲ ಸದ್ದು. ಆಮೇಲೆ ದೂರದಿಂದ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಅಜ್ಜಿಯ ದನಿ: "...ಐದನೇ ಮೆಟ್ಟಿಲಿಗೆ ಇಳಿದ್ಲು." ಒಂದು ಕ್ಷಣ ಮೌನ. ಆ ಮೌನದೊಳಗೆ, ಹದವಾಗಿ ಕೂತಂತೆ, ಅಜೀಜಬಿಯ "ಹೂಂ."

ಶಿವಗಂಗಾ ಕಣ್ಣು ಮುಚ್ಚಿದಳು. ಕೌದಿಯ ಕೆಳಗಿನ ಕತ್ತಲು, ಹಳೆಯ ಸೀರೆಗಳ ವಾಸನೆ.

"ಇನ್ನ ಎಷ್ಟು ನಿಮಿಷ ತೋರಸ್ತೈತಿ?"

"ಹನ್ನೊಂದು ಅಂತಾಳ ಮೆಹರೀನ," ಎಂದ ಅಶ್ಫಾಕ. ಮರುಕ್ಷಣವೇ, "ಏ, ಅಜಾನ್ ಆತು ನೋಡು. ಅಮ್ಮಿ ಬಂದ್ ಮಾಡು ಅನ್ನಾಕತ್ಯಾಳ."

ಫೋನಿನಲ್ಲಿ ಮಧ್ಯಾಹ್ನದ ಅಜಾನ್ ಕೇಳಿತು. ಅಜಾನಿನ ಹೊತ್ತಿಗೆ ಕಥೆ ನಿಲ್ಲುವುದು ಆ ಇಬ್ಬರ ನಲವತ್ತು ವರ್ಷದ ಪದ್ಧತಿ. ಗಾಳೆಮ್ಮ ತಾನೇ ಸೂಜಿ ಚುಚ್ಚಿಟ್ಟು ಸೆರಗು ತಲೆಗೆಳೆದುಕೊಂಡು ಸುಮ್ಮನಾಗುತ್ತಿದ್ದಳು. ಇವತ್ತು ಆ ಪದ್ಧತಿ ನಡೆದರೆ ಗಾಳೆಮ್ಮನೇ ಹೋಗುತ್ತಾಳೆ.

"ಬಂದ್ ಮಾಡಬ್ಯಾಡ್ರಿ ಅಣ್ಣ! ಆವಾಜ್ ಪೂರಾ ಇಳಿಸ್ರಿ, ಓಡೋದು ಓಡ್ಲಿ. ಅಮ್ಮಗ ಹೇಳು, ನಮ್ಮಜ್ಜಿ ಬಾಯಿ ಮುಚ್ಕಂಡು ಅಲ್ಲೇ ಕುಂತಾಳ, ಎದ್ದು ಹೋಗಾಕ ಬಿಡಬ್ಯಾಡ ಅಂತ."

ಅತ್ತ ಕಡೆ ಪಿಸುಮಾತು. ಆಮೇಲೆ ಅಜಾನ್ ಒಂದೇ ಉಳಿಯಿತು. ಇತ್ತ ತೆರೆಯ ಮೇಲೆ ಅಂಕಿ ತೆವಳುತ್ತಿತ್ತು: ಎಪ್ಪತ್ತು, ಎಂಬತ್ತೆರಡು. ಬಾಗಿಲಾಚೆ ಕೊಟ್ರಸ್ವಾಮಿ ಮಕ್ಕಳಿಗೆ, "ಸುಮ್ಕಿರ್ರೆಲೇ, ಒಳಗ ಮೇಡಮ್ ಅಜ್ಜಿಗೆ ಹುಷಾರಿಲ್ಲ," ಎನ್ನುತ್ತಿದ್ದ.

ನೂರು.

ಮುಂದಿನ ಕೆಲಸ ದೊಡ್ಡದಾಗಿರಲಿಲ್ಲ. ಗೇಟಿನ ಹಾಜರಿ ಯಂತ್ರವೊಂದು ಕೆಟ್ಟು, ಸೆಕೆಂಡಿಗೊಮ್ಮೆ ಅದದೇ ದೂರನ್ನು ಬರೆಸಿ ಬರೆಸಿ ದಾಖಲೆ ಫೈಲನ್ನು ಉಬ್ಬಿಸಿತ್ತು. ಯಂತ್ರದ ತಂತಿ ಕಳಚಿ, ಆ ಫೈಲನ್ನು ಖಾಲಿ ಮಾಡಿದಳು. ಪೆಟ್ಟಿಗೆ ಉಸಿರಾಡಿತು, ಅರ್ಜಿಗಳು ಹೋದವು. ಗಾಳೆಮ್ಮನನ್ನು ಕಥೆಗಳ ಫೋಲ್ಡರಿನಲ್ಲೇ, ಮೈಸಮೇತ, ಇಟ್ಟಳು. 'ಆಮೇಲೆ' ಎಂಬ ಫೋಲ್ಡರನ್ನು ಮತ್ತೆ ಮಾಡಲಿಲ್ಲ.

ನಾಲ್ಕರ ಬಸ್ಸಿಗೆ ಕೂಡ್ಲಿಗಿಗೆ ಬಂದಾಗ ಅಜೀಜಬಿ ಕಟ್ಟೆಯ ಮೇಲೆ ಕೂತಿದ್ದಳು.

"ಬಾರವ್ವ ಕಂಪ್ಯೂಟರು. ಅಜಾನ್ ಹೊತ್ತಿನ್ಯಾಗ ನನ್ನ ಗೆಳತಿನ ಬಾಯಿ ಮುಚ್ಚಿ ಕುಂದರ್ಸಿದ್ಯಂತಲ್ಲ!"

"ಆಕಿ ಎದ್ದು ಹೋಗ್ತಿದ್ಲಮ್ಮ. ನೀನು ಹಿಡಕಂಡಿದ್ದಿ."

"ಐದನೇ ಮೆಟ್ಟಿಲಾಗ ಬಿಟ್ಟೀನಿ. ಮೊದ್ಲಿಂದ ಹಚ್ಚು, ಅರ್ಧ ಕಥಿ ಕೇಳಿದ್ರ ಗಾಳಿ ಬೈತಾಳ."

ಶಿವಗಂಗಾ ಮೊಬೈಲನ್ನು ಇಬ್ಬರ ನಡುವೆ ಇಟ್ಟು ತಾನೇ ಒತ್ತಿದಳು. ಕಥೆಯ ಹುಡುಗಿ ಬಾವಿಯ ಒಂದೊಂದೇ ಮೆಟ್ಟಿಲು ಇಳಿದಳು, ಬಳೆ ಕೊಟ್ಟಳು, ಗೆಜ್ಜೆ ಕೊಟ್ಟಳು, ಅವ್ವನ ಮೂಗುಬೊಟ್ಟನ್ನು ನೀರಿನ ತಳದಿಂದ ತಂದಳು. ಒಂದು ಜಾಗವೂ ಖಾಲಿ ಉಳಿಯಲಿಲ್ಲ.

"...ಅವರ ಬಾವ್ಯಾಗ ನೀರು ಬಂತು, ನಮ್ಮ ಕೊಡ ತುಂಬ್ತು. ಏಳೇ ಅಜೀಜಿ, ಒಲಿ ಹಚ್ಚೋ ಹೊತ್ತಾತು."

ಕೊನೆಯ ಮೌನ ಉಳಿದವಕ್ಕಿಂತ ಉದ್ದವಿತ್ತು. ಅಜೀಜಬಿ ಹಸಿರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಹೂಂ," ಎಂದಳು.